ನಿಂತ ಆಳು

ಗಾಂಧಿ ಬಜಾರಿನ ಹಿಂದೆ, ಸುಣ್ಣದಂಗಡಿಯ ಮೇಲಿನ ಮಹಡಿ.
ಏಳು ಕಂಪ್ಯೂಟರು, ಎರಡು ಫ್ಯಾನು, ಗಂಟೆಗೆ ಮೂವತ್ತು ರೂಪಾಯಿ.
ಇವತ್ತಿಗೆ ಹನ್ನೊಂದು ದಿನ. ಡಿಪೋದಿಂದ ಕಾಗದ ಬಂದಿಲ್ಲ.
ಮನೆಯಲ್ಲಿ ಡ್ಯೂಟಿ ಎಂದು ಹೇಳಿ ಬರುತ್ತೇನೆ,
ಖಾಕಿಯ ಮೇಲೆ ಸ್ವೆಟರು ಹಾಕಿ.

ಪಕ್ಕದ ಕುರ್ಚಿಯ ಮುಬಶ್ಶಿರನಿಗೆ ಹದಿನಾರು.
ಆಟೋ ಕಾಂಪ್ಲೆಕ್ಸಿನಲ್ಲಿ ಅಪ್ಪನ ರೇಡಿಯೇಟರ್ ಅಂಗಡಿ,
ಉಗುರಲ್ಲಿ ಇನ್ನೂ ಗ್ರೀಸು.
"ಅಂಕಲ್, ನೀವು ನೂಬು" ಅಂದ, ಮೊದಲ ದಿನವೇ.
ಬೈಗುಳವಾ ಎಂದು ಕೇಳಿದೆ.
"ಅಯ್ಯೋ ಇಲ್ಲ. ಗೊತ್ತಿಲ್ದೇ ಇರೋನು ನೂಬು.
ಹೇಳ್ಕೊಟ್ರೂ ಕಲೀದೇ ಇರೋನಿಗೆ ಬೇರೆ ಹೆಸ್ರಿದೆ,
ನಿಮ್ಮೆದುರಿಗೆ ಹೇಳಲ್ಲ."

ಪಾಠ ಶುರುವಾದದ್ದು ಕುರಿಯಿಂದ.
ಯುದ್ಧ ಆಮೇಲೆ, ಮೊದಲು ಹೊಟ್ಟೆ.
ಮೂರು ಆಳು, ಒಂದು ಊರಮನೆ, ಒಬ್ಬ ಕುದುರೆಯವನು.
ಅವನು ಕತ್ತಲನ್ನು ಸುತ್ತಿ ಸುತ್ತಿ ಕುರಿ ಹುಡುಕಿ ತರಬೇಕು.
ಉಳಿದವರು ಕಡಿಯಬೇಕು, ಹೊರಬೇಕು,
ಊರಮನೆ ಒಂದು ಗಳಿಗೆಯೂ
ಆಳು ಹೆರುವುದನ್ನು ನಿಲ್ಲಿಸಬಾರದು.

ಕಾಡುಹಂದಿಗೆ ಒಂದೇ ಬಾಣ ಬಿಟ್ಟು ತಿರುಗಿ ಓಡಬೇಕು;
ಅಟ್ಟಿಸಿಕೊಂಡು ಬಂದದ್ದನ್ನು
ಊರ ಬಾಗಿಲಲ್ಲಿ ಎಲ್ಲರೂ ಸೇರಿ ಕೆಡವಬೇಕು.
ಇದಕ್ಕೆ ಹಂದಿ ಎಳೆಯೋದು ಅಂತಾರಂತೆ.
ನಮ್ಮ ರಿಪ್ಪನ್‌ಪೇಟೆ ಕಡೆ ಹಂದಿಯೇ ನಮ್ಮನ್ನು ಎಳೆದದ್ದು,
ಚಿಕ್ಕಪ್ಪನ ಎಡಗಾಲು ನೋಡಿದವರಿಗೆ ಗೊತ್ತು.

ರಶ್ ನನಗೆ ಗೊತ್ತಿರುವ ಮಾತು ಅಂದೆ:
ಸೋಮವಾರ ಬೆಳಿಗ್ಗೆ ಏಳೂವರೆ, ಆಯನೂರು ಸ್ಟಾಪು,
ನಲವತ್ತು ಪಾಸಿನ ಮಕ್ಕಳು.
"ಹತ್ರ ಹತ್ರ ಅದೇ ಅಂಕಲ್.
ಎದುರಿನವನು ಬೇಲಿ ಹಾಕೋ ಮುಂಚೆ ನುಗ್ಗೋದು."
ಬೂಮ್ ಅಂದರೆ ಸಿಡಿಯುವುದಲ್ಲ,
ಸದ್ದಿಲ್ಲದೆ ಕಣಜ ತುಂಬಿಕೊಳ್ಳುವುದು.
ಆಮೆ ಅಂದರೆ ಗೋಡೆಯ ಮೇಲೆ ಗೋಡೆ ಕಟ್ಟಿ ಒಳಗೇ ಕೂತವನು.
"ಕವಲೇದುರ್ಗ ಹತ್ತಿದೀರಲ್ಲ? ಆ ಥರ."
ಹತ್ತಿದ್ದೇನೆ. ಮೇಲೆ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

ಪರದೆಯ ಮೂಲೆಯಲ್ಲೊಂದು ಅಂಕಿ.
ಕೆಲಸವಿಲ್ಲದೆ ನಿಂತ ಆಳುಗಳ ಲೆಕ್ಕ ಅದು, ಐಡಲ್.
"ಯಾವಾಗ್ಲೂ ಸೊನ್ನೆ ಇರ್ಬೇಕು. ನಿಮ್ದು ನಾಲ್ಕು."
ಒತ್ತಿ ನೋಡಿದೆ:
ಮರ ಮುಗಿದ ಬಯಲಲ್ಲಿ ಕೊಡಲಿ ಹಿಡಿದೇ ನಿಂತಿದ್ದಾನೆ ಒಬ್ಬ.
ಓಡಿಹೋಗಿಲ್ಲ, ಕೂತೂ ಇಲ್ಲ.
ಮುಂದೇನೆಂದು ಯಾರೂ ಹೇಳಿಲ್ಲ, ಅಷ್ಟೇ.

ಕುಂಸಿ ದಾಟಿದ ಮೇಲೆ ಚೆಕಿಂಗಿನವರು ಹತ್ತಿದ್ದರು.
ಕೊನೆಯ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ ಮುದುಕ,
ಎಬ್ಬಿಸಿ ಟಿಕೆಟ್ ಕೊಟ್ಟಿರಲಿಲ್ಲ ನಾನು.
ಆನಂದಪುರದಲ್ಲಿ ಎಬ್ಬಿಸೋಣ ಅಂದುಕೊಂಡಿದ್ದೆ.
ಹೇಳಿಕೆಯಲ್ಲಿ ಇದನ್ನು ಹೇಗೆ ಬರೆಯುವುದು?

ಇವತ್ತಿನ ಆಟ ನಲವತ್ತೊಂದನೇ ನಿಮಿಷಕ್ಕೆ ಮುಗಿದಂತೆ.
ಊರಮನೆ ಉರಿಯುತ್ತಿದೆ, ಹೊಲ ಬೂದಿ.
ಎದುರಾಳಿ ಎರಡಕ್ಷರ ಕುಟ್ಟಿದ: ಜಿಜಿ.
ಜೀ, ಜೀ ಅಂತ ಮರ್ಯಾದೆ ಕೊಟ್ಟನೆಂದು
ನಮಸ್ಕಾರ ಅಂತ ನಾನೂ ಕುಟ್ಟಿದೆ.
ಮುಬಶ್ಶಿರ ನಕ್ಕು ನಕ್ಕು ಕುರ್ಚಿಯಿಂದ ಜಾರಿದ.
"ಒಳ್ಳೆ ಆಟ ಅಂತ ಅರ್ಥ ಅಂಕಲ್.
ಸೋತವನು ಹೇಳಿ, ಎದ್ದು ಹೋಗೋದು. ಅದು ಶಿಸ್ತು."

ಹೇಳುತ್ತೇನೆ, ಹೇಳದೆ ಏನು.
ಆದರೆ ಬಡಗಣ ಮೂಲೆಯ ಕಾಡಿನ ಹಿಂದೆ
ಅವನೊಬ್ಬ ಇನ್ನೂ ನಿಂತಿದ್ದಾನೆ, ಕೊಡಲಿಯವನು,
ಶತ್ರುವಿನ ಕುದುರೆಗಳ ಕಣ್ಣಿಗೆ ಬೀಳದೆ.
ಉಗ್ರಾಣದಲ್ಲಿ ಮೂವತ್ತು ಮರ ಮಿಕ್ಕಿದೆ.
ಒಂದು ಮನೆಗೆ ಇಪ್ಪತ್ತೈದು ಸಾಕು.
ತೋರಿಸಿದೆ, ಇಲ್ಲಿ.
ಅವನು ಸುತ್ತಿಗೆ ಎತ್ತಿದ.

ಗಲ್ಲದ ಸೆಲ್ವಿನ್ ಗಡಿಯಾರ ನೋಡುತ್ತಿದ್ದಾನೆ.
ಇನ್ನರ್ಧ ಗಂಟೆ ಬರ್ಕೋ ಅಂದೆ,
ಹದಿನೈದು ರೂಪಾಯಿ ಎಣಿಸಿಟ್ಟೆ,
ಸರಿಯಾದ ಚಿಲ್ಲರೆ.